ಸಕಾರಣ ಉತ್ಸಾಹ

ಯಂತ್ರ ಸ್ಪರ್ಧೆಗೆ ಹೋಗುವ ವಿದ್ಯಾರ್ಥಿಗಳಿಗೆ ಉತ್ಸಾಹ ಇರತಕ್ಕದ್ದು, ಮತ್ತು ಆ ಉತ್ಸಾಹಕ್ಕೆ ಕಾರಣ ಇರತಕ್ಕದ್ದು ಎಂದು ನಮ್ಮ ಇಂಜಿನಿಯರಿಂಗ್ ಕಾಲೇಜು ಸುತ್ತೋಲೆ ಹೊರಡಿಸಿದೆ. ಅರ್ಜಿಯಲ್ಲಿರುವ ಕಾರಣಗಳು ಮೂರು: ಅಂಕ, ನೌಕರಿ, ಪ್ರಮಾಣಪತ್ರ. ಮೂವತ್ತೊಂಬತ್ತು ಮಂದಿ ಗುರುತು ಹಾಕಿ ಕೊಟ್ಟರು. ಅವರು ಯಂತ್ರ ಕಟ್ಟುವ ಕೆಲಸ ಇನ್ನೂ ಶುರುವಾಗಿರಲಿಲ್ಲ; ಅದನ್ನು ಕೇಳುವ ಕಾಲಂ ಇಲ್ಲದ್ದರಿಂದ ತೊಂದರೆಯಾಗಲಿಲ್ಲ.

ನಲವತ್ತನೆಯವಳು ದರ್ಜಿಯಮ್ಮನ ಮಗಳು. ಅವಳ ಯಂತ್ರ ಆಗಲೇ ತುಂಬಿದ ಬಕೆಟ್ ಹೊತ್ತು, ತುಳುಕಿಸದೆ ಮೆಟ್ಟಿಲು ಹತ್ತುತ್ತಿತ್ತು. ಅರ್ಜಿಯ ಅಂಚಿನಲ್ಲಿ ಅವಳು ಬರೆದದ್ದು ಒಂದೇ ಮಾತು: ಇಷ್ಟ.

ಗುಮಾಸ್ತನಾದ ನಾನು ಅದನ್ನು ಸೂಪರಿಂಟೆಂಡೆಂಟರ ಮುಂದಿಟ್ಟೆ. ಅವರು ಅವಳನ್ನು ಕರೆಸಿದರು.

"ಇಷ್ಟ ಅನ್ನೋದು ಯಾವ ಕಾಲಮ್ಮಿಗೆ ಬರುತ್ತಮ್ಮಾ?"

"ಯಾವುದಕ್ಕೂ ಬರಲ್ಲ ಸಾರ್. ಸುಮ್ನೆ ಇಷ್ಟ."

"ಸುಮ್ನೆ ಅಂತ ಬರೆದ್ರೆ ಮೇಲಿನವರು ನನ್ನನ್ನ ಸುಮ್ನೆ ಬಿಡ್ತಾರಾ? ಅಂಕ ಅಂತ ಹಾಕಿಬಿಡು."

"ಸುಳ್ಳು ಹೆಂಗೆ ಬರೀಲಿ ಸಾರ್?"

ಇದಕ್ಕೆಂದೇ ನೇಮಕವಾದ ಮೂವರ ಸಮಿತಿ ಮೂರು ಸಲ ಕೂತಿತು. ನಿಷ್ಕಾರಣ ಉತ್ಸಾಹವು ಇತರರಿಗೂ ಅಂಟುವ ಸಂಭವವಿರುವುದರಿಂದ ಯಂತ್ರವನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಲು, ಪೋಷಕರನ್ನು ಕರೆಸಲು ತೀರ್ಮಾನವಾಯಿತು. ಸ್ಪರ್ಧೆಗೆ ನಾಲ್ಕೇ ದಿನ ಉಳಿದಿತ್ತು. ಹುಡುಗಿ ಊಟದ ಬಿಡುವಿನಲ್ಲಿ ಉಗ್ರಾಣದ ಕಿಟಕಿಗೆ ಹಣೆ ಒತ್ತಿ ನಿಂತಿರುತ್ತಿದ್ದಳು.

ದರ್ಜಿಯಮ್ಮ ಕತ್ತಿನಲ್ಲಿ ಅಳತೆ ಪಟ್ಟಿ ಹಾಗೆಯೇ ಬಿಟ್ಟುಕೊಂಡು ಬಂದರು.

"ನಿಮ್ಮ ಮಗಳಿಗೆ ಪ್ರೇರಣೆ ಯಾರದ್ದಮ್ಮಾ?" ಎಂದು ಸಮಿತಿಯ ಅಧ್ಯಕ್ಷರು ಕೇಳಿದರು.

"ಯಾರದ್ದೂ ಇಲ್ಲ ಸಾರ್. ಬೇಡ ಅಂದ್ರೂ ಕೇಳಲ್ಲ."

ಸಮಿತಿಯ ಮುಖ ಬಾಡಿತು. ದರ್ಜಿಯಮ್ಮ ಮೂರೂ ಮುಖಗಳನ್ನು ನೋಡಿದರು, ಅಳತೆ ಸಿಕ್ಕಿತು.

"ಅಂದ್ರೆ, ಮೊದಮೊದಲು ಹಂಗಿತ್ತು. ಆಮೇಲೆ ನಾನೇ ಬೈದು ಬಡಿದು ಮಾಡಿಸಿದ್ದು. ಇವಳಿಗೆ ಎಳ್ಳಷ್ಟೂ ಮನಸ್ಸಿಲ್ಲ."

ಪಕ್ಕದಲ್ಲೇ ನಿಂತಿದ್ದ ಮಗಳು ಬಾಯಿ ತೆರೆದಳು. ತಾಯಿ ಅವಳ ಕಾಲು ತುಳಿದರು.

"ಮೊದಲೇ ಹೇಳಬಾರದಿತ್ತೇನ್ರೀ?" ಎಂದು ಅಧ್ಯಕ್ಷರು ನಿಟ್ಟುಸಿರುಬಿಟ್ಟು ಬೀಗ ತೆಗೆಸಿದರು.

ಯಂತ್ರಕ್ಕೆ ಮೊದಲ ಬಹುಮಾನ ಬಂತು. ಕಾಲೇಜು ತಾಯಿಯನ್ನು ಸನ್ಮಾನಿಸಿತು. ಅರ್ಜಿಯಲ್ಲಿ ‘ಬೈಗುಳ’ ಎಂಬ ನಾಲ್ಕನೇ ಕಾಲಂ ಸೇರಿತು. ಮನೆಯಲ್ಲಿ ಬೈಯುವವರಿಲ್ಲದ ವಿದ್ಯಾರ್ಥಿಗಳ ಅನುಕೂಲಕ್ಕಾಗಿ ದರ್ಜಿಯಮ್ಮನವರನ್ನೇ ಗೌರವ ಪ್ರೇರಣಾಧಿಕಾರಿಯಾಗಿ ನೇಮಿಸಲಾಯಿತು.

ಈಗ ಅವರ ಹೊಲಿಗೆ ಯಂತ್ರ ವರ್ಕ್‌ಶಾಪಿನ ಮೂಲೆಯಲ್ಲಿದೆ. ಸುಮ್ಮನೆ ಇಷ್ಟಪಡುವವರು ಹದಿನೇಳು ಮಂದಿಯಾಗಿದ್ದಾರೆ. ಮೆಟ್ಟಿಲ ಮೇಲೆ ಸೂಪರಿಂಟೆಂಡೆಂಟರ ಬೂಟಿನ ಸದ್ದು ಕೇಳಿದರೆ ಯಾರಾದರೊಬ್ಬರು, "ಅಮ್ಮಾ, ಸ್ವಲ್ಪ ಬೈಯಿರಿ" ಅನ್ನುತ್ತಾರೆ. ಅವರು ಹೊಲಿಗೆಯಿಂದ ತಲೆ ಎತ್ತದೆ, "ಮೈಗಳ್ಳರಾ, ದಂಡಪಿಂಡಗಳಾ" ಎಂದು ಶುರುಮಾಡುತ್ತಾರೆ. ಹದಿನೇಳು ಮುಖಗಳು ಜೋತುಬೀಳುತ್ತವೆ.

ಸೂಪರಿಂಟೆಂಡೆಂಟರು ‘ಬೈಗುಳ ತೃಪ್ತಿಕರ’ ಎಂದು ಬರೆದು ಸಹಿ ಹಾಕುತ್ತಾರೆ. ನಾನು ಮೊಹರು ಒತ್ತುತ್ತೇನೆ.