ನಮ್ಮ ಯಜಮಾನರ ಎಣ್ಣೆ ಸೋರುವ ಗಾಡಿ

ಅಳೋಣ ಅಂತ ಕೂತಾಗಲೇ ನಗು ಬರುವಂಥದ್ದು ಏನಾದರೂ ನಡೆದುಬಿಡುತ್ತೆ. ನನ್ನ ಸಂಸಾರದಲ್ಲಂತೂ ಇದು ಯಾವಾಗಲೂ ಇದ್ದದ್ದೇ. ಅರ್ಧಕ್ಕರ್ಧ ಕಾರಣ ನಮ್ಮ ಯಜಮಾನರ ಹಳೇ ಮೋಟರ್ ಸೈಕಲ್ಲು. ಅವರು ಗುಬ್ಬಿ ಸುತ್ತಮುತ್ತಲ ಹಳ್ಳಿಗಳಲ್ಲಿ ದನಕರುಗಳಿಗೆ ಇಂಜೆಕ್ಷನ್ ಕೊಡೋ ಕಾಂಪೌಂಡರ್. ಸೆಕೆಂಡ್ ಹ್ಯಾಂಡ್ ಗಾಡಿ. ನಿಲ್ಲಿಸಿದ ಕಡೆಯೆಲ್ಲ ಇಂಜಿನ್ನಿಂದ ಆಯಿಲ್ ತೊಟ್ಟಿಕ್ಕೋದು. ಅವರು ಹೋಗಿ ಎಷ್ಟೋ ವರ್ಷವಾಯಿತು. ನೆನೆಸಿಕೊಂಡರೆ ಮೊದಲು ಕಣ್ಣಿಗೆ ಬರೋದು ಆ ಎಣ್ಣೆ ಕಲೆಗಳೇ.

ಹೆಣ್ಣು ನೋಡೋ ಶಾಸ್ತ್ರ

ಎಪ್ಪತ್ತರ ದಶಕದ ಮಾತು. ಕುಣಿಗಲ್‌ನಲ್ಲಿದ್ದ ನಮ್ಮ ಮನೆಗೆ ನನ್ನನ್ನು ನೋಡೋಕೆ ಬಂದರು. ಗಾಡೀನ ಸೀದಾ ಬಾಗಿಲ ಮುಂದಿನ ರಂಗೋಲಿ ಮೇಲೆ ನಿಲ್ಲಿಸಿ ಒಳಗೆ ಬಂದರು. ಉಪ್ಪಿಟ್ಟು, ಕಾಫಿ ಮುಗಿಯೋ ಹೊತ್ತಿಗೆ ನಾನು ಬೆಳಿಗ್ಗೆಯೆಲ್ಲ ಕೂತು ಬಿಟ್ಟಿದ್ದ ರಂಗೋಲಿ ನಡುವೆ ಕಪ್ಪಗೆ ಎಣ್ಣೆ ಮಡುಗಟ್ಟಿತ್ತು. ಅಪ್ಪನಿಗೆ ಮುಖ ಕೆಂಪಾಯಿತು, ಹುಡುಗನಿಗೆ ಬೆವರು ಕಿತ್ತುಕೊಂಡಿತು. ಸಂಬಂಧ ಮುರಿದುಬಿತ್ತು ಅಂತಲೇ ನಾನು ಬಾಗಿಲ ಸಂದಿಯಲ್ಲಿ ನಿಂತು ಅಂದುಕೊಂಡೆ. ಅಜ್ಜಿ ಬಗ್ಗಿ ನೋಡಿ, "ಹುಡುಗುಂಗೆ ಬಲೇ ಆತುರ ಕಣ್ರಪ್ಪ. ಹೆಣ್ಣು ಒಪ್ಪೋಕ್ ಮುಂಚೇನೇ ಎಣ್ಣೆ ಶಾಸ್ತ್ರ ಮುಗಿಸ್ಬುಟ್ಟವ್ನೆ!" ಅಂದಳು.

ಲಗ್ನಪತ್ರಿಕೆ

ತುಮಕೂರಿನ ಶಿರಾ ಗೇಟ್ ಹತ್ತಿರ ಒಬ್ಬ ಮೆಕ್ಯಾನಿಕ್ ಇದ್ದ. ಇವರಿಗಿಂತ ಚಿಕ್ಕವನು, ಇವರನ್ನು ಅಣ್ಣ ಅನ್ನೋನು. ಇಂಜಿನ್ನಿನ ಮುಚ್ಚಳಕ್ಕೂ ಬಾಡಿಗೂ ನಡುವೆ ಇರೋ ಪ್ಯಾಕಿಂಗ್ ಹೋಗಿದೆ, ಆ ಹಳೇ ಗಾಡಿಗೆ ಹೊಸದು ಎಲ್ಲೂ ಸಿಗಲ್ಲ, ದಪ್ಪ ರಟ್ಟು ಇದ್ದರೆ ಕತ್ತರಿಸಿ ಹಾಕ್ತೀನಿ ಅಂದ. ಇವರು ಟ್ರಂಕಿನಿಂದ ನಮ್ಮ ಮದುವೆಯ ಮಿಕ್ಕಿದ ಲಗ್ನಪತ್ರಿಕೆ ತಂದುಕೊಟ್ಟರು. ಒಂದು ತಿಂಗಳು ಒಂದು ತೊಟ್ಟೂ ಬೀಳಲಿಲ್ಲ. ಆಮೇಲೆ ಮತ್ತೆ ಶುರುವಾಯಿತು. ಇವರು ಮುಚ್ಚಳ ಬಿಚ್ಚಿ, ಎಣ್ಣೆಯಲ್ಲಿ ನೆಂದ ರಟ್ಟನ್ನು ನನ್ನ ಮುಂದೆ ಹಿಡಿದು, "ನೋಡು, ಸರಿಯಾಗಿ ನಿಮ್ಮಪ್ಪನ ಹೆಸರಿರೋ ಕಡೇನೇ ಲೀಕ್ ಆಗಿರೋದು" ಅಂದರು.

ನಾನು ಬಿಡಲಿಲ್ಲ. ಸೆರಗಲ್ಲಿ ಒರೆಸಿ ಓದಿದೆ. "ಅದು ನಿಮ್ಮ ಸೋದರಮಾವನ ಹೆಸರು ಕಣ್ರೀ."

ಬಟ್ಟೆ ಗಂಟು

ಮದುವೆಯಾದ ಹೊಸದರಲ್ಲೇ ಅತ್ತೆ ತಮ್ಮ ಹಳೇ ನೂಲಿನ ಸೀರೆಗಳನ್ನು ಒಗೆದು, ಹರಿದು, ಹುಟ್ಟೋ ಮಗುವಿಗೆ ಅಂತ ಗಂಟು ಕಟ್ಟಿಟ್ಟಿದ್ದರು. ವರ್ಷಗಳಾದವು, ಮಗು ಆಗಲಿಲ್ಲ. ಅಟ್ಟದ ಮೇಲಿದ್ದ ಆ ಗಂಟಿನ ಕಡೆ ನಾನು ನೋಡ್ತಾನೇ ಇರಲಿಲ್ಲ. ಒಂದು ಮಳೆಗಾಲ ಇವರು ಗಾಡೀನ ಪಡಸಾಲೆಗೇ ತಂದು ನಿಲ್ಲಿಸಿದರು. ಎಣ್ಣೆ ನೆಲದ ಮೇಲೆ ಹರಡ್ತಾ ಇತ್ತು. ಅತ್ತೆ ಸುಮ್ಮನೆ ಹೋಗಿ ಗಂಟು ಇಳಿಸಿ, ಒಂದು ಮೆತ್ತನೆ ಬಟ್ಟೆ ತೆಗೆದು ಇಂಜಿನ್ ಕೆಳಗೆ ಹಾಸಿದರು. ನಾನು ಅಲ್ಲೇ ಕುಸಿದು ಅತ್ತುಬಿಟ್ಟೆ. ಅತ್ತೆ ಪಕ್ಕದಲ್ಲಿ ಕೂತು ನನ್ನ ತಲೆ ಸವರಿದರು.

ಇವರು ಒಳಗಿಂದ ಬಂದು, "ಯಾಕವ್ವ, ಏನಾಯ್ತು?" ಅಂದರು.

"ಏನಿಲ್ಲ" ಅಂದರು ಅತ್ತೆ. "ನಿನ್ ಗಾಡಿ ಬಟ್ಟೆ ಒದ್ದೆ ಮಾಡ್ಕಂಡದೆ, ಬದಲಾಯ್ಸು ಬಾ."

ಆಸ್ಪತ್ರೆ ಮೆಟ್ಟಿಲು

ಎಂಬತ್ತರ ದಶಕದಲ್ಲಿ ಇವರಿಗೆ ಕಾಮಾಲೆ ಬಂತು. ನಾಟಿ ಔಷಧಿ, ಪಥ್ಯ ಎಲ್ಲ ಆಗಿ, ತುಮಕೂರಿನಲ್ಲಿ ಆಸ್ಪತ್ರೆಗೆ ಸೇರಿಸೋ ಹೊತ್ತಿಗೆ ತಡವಾಗಿತ್ತು. ಮಾತು ನಿಂತೇಹೋಯಿತು. ನಾನು ಕರೆದೆ, ಅತ್ತೆ ಕರೆದರು, ಕಣ್ಣು ಬಿಡಲಿಲ್ಲ. ಮೆಕ್ಯಾನಿಕ್ ಇವರದೇ ಗಾಡಿಯಲ್ಲಿ ನೋಡೋಕೆ ಬಂದ. ಸ್ವಲ್ಪ ಹೊತ್ತಿಗೆ ಕಸ ಗುಡಿಸೋ ಆಯಮ್ಮ ಪೊರಕೆ ಹಿಡಿದು ವಾರ್ಡಿಗೇ ನುಗ್ಗಿದಳು. "ಯಾವನ್ಲಾ ಅವನು, ಈಗ ತಾನೆ ತೊಳ್ದಿದ್ದ ಮೆಟ್ಲ ತಾವ ಎಣ್ಣೆ ಸುರ್ಸಿರೋನು?"

ಇವರು ಮೆಲ್ಲಗೆ ಕಣ್ಣು ಬಿಟ್ಟರು. "ನಂದೇ ಕಣಮ್ಮ" ಅಂದರು. ಕಳ್ಳತನ ಒಪ್ಪಿಕೊಂಡ ಹಾಗಲ್ಲ, ಮಗಳ ಮದುವೆಗೆ ಕರೆದ ಹಾಗೆ.

ಆಯಮ್ಮ ಪೊರಕೆ ಕೆಳಗಿಟ್ಟಳು. "ಇರ್ಲಿ ಬುಡಿ ಸಾಮಿ, ಮೆಟ್ಲು ನೈಸಾಯ್ತು."

ಅದಾದ ಮೇಲೆ ಅವರು ಮಾತಾಡಲಿಲ್ಲ.

ಕಾಗೆ

ಹನ್ನೊಂದನೇ ದಿನ ತೆಂಗಿನ ತೋಟದಲ್ಲಿ, ಸಮಾಧಿ ಹತ್ತಿರ ಎಡೆ ಇಟ್ಟರು. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಅಂತ. ಗರಿ ಮೇಲೆ ಒಂದು ಕಾಗೆ ಕೂತಿತ್ತು. ಇಳಿಯಲೊಲ್ಲದು.

"ಬಾರೋ ಮಗ, ವಡೆ ಮಾಡಿವ್ನಿ" ಅಂತ ಅತ್ತೆ ಕೂಗಿದರು. ಇಳಿಯಲಿಲ್ಲ.

"ಅವ್ವನ್ನ ನಾನು ನೋಡ್ಕೋತೀನಿ ಕಣಣ್ಣ" ಅಂದ ಮೈದುನ. ಕಾಗೆ ಕತ್ತು ಆ ಕಡೆ ತಿರುಗಿಸಿತು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಎದ್ದುನಿಂತು, "ನನಗೆ ಸ್ಕೂಲಿನ ಕೆಲಸ ಇದೆ. ಹೇಗೋ ಇರ್ತೀನಿ. ನನ್ನ ಯೋಚನೆ ಮಾಡಬೇಡಿ" ಅಂದೆ. ಕಾಗೆ ಅಲ್ಲಾಡಲಿಲ್ಲ. ನನ್ನ ಮೇಲೇ ಏನೋ ಬೇಸರ ಇತ್ತೇನೋ ಅಂತ ಎದೆ ಒಡೆದುಹೋಯಿತು.

ಆಗ ಹಿಂದೆ ನಿಂತಿದ್ದ ಮೆಕ್ಯಾನಿಕ್ ಜನರನ್ನು ತಳ್ಳಿಕೊಂಡು ಮುಂದೆ ಬಂದ. ಅತ್ತು ಅತ್ತು ಅವನ ಕಣ್ಣು ಊದಿತ್ತು. ಕೈಯೆತ್ತಿ ಕೂಗಿದ: "ಅಣ್ಣಾ, ಇಂಜಿನ್ ಪೂರ್ತಿ ಬಿಚ್ಚಿ ಆಯಿಲ್ ಲೀಕ್ ನಿಲ್ಲಿಸ್ತೀನಿ. ನನ್ನಾಣೆ. ಬಾರಣ್ಣ!"

ಕಾಗೆ ದೊಪ್ಪನೆ ಇಳಿದು ವಡೆ ಕಚ್ಚಿಕೊಂಡು ಹಾರಿತು.

ಮೊದಲು ನಕ್ಕಿದ್ದು ಅತ್ತೆ. ಆಮೇಲೆ ಇಡೀ ತೋಟವೇ ಕಣ್ಣೀರು ಸುರಿಸಿಕೊಂಡು ನಕ್ಕಿತು.

ಮೆಕ್ಯಾನಿಕ್ ಮಾತ್ರ ನಗಲಿಲ್ಲ. ಮಾರನೇ ವಾರವೇ ಗಾಡಿ ತಗೊಂಡು ಹೋಗಿ, ಇಂಜಿನ್ ಪೂರ್ತಿ ಬಿಚ್ಚಿ ಜೋಡಿಸಿ ತಂದು, ನಮ್ಮ ಅಂಗಳದಲ್ಲಿ ಪೇಪರ್ ಹಾಸಿ ಅದರ ಮೇಲೆ ನಿಲ್ಲಿಸಿ ಹೋದ. ಬೆಳಿಗ್ಗೆ ಮೊದಲನೇ ಬಸ್ಸಿಗೇ ನೋಡೋಕೆ ಬಂದ. ಇಬ್ಬರೂ ಬಗ್ಗಿದೆವು. ಪೇಪರ್ ಮೇಲೆ ಒಂದು ಕಪ್ಪು ತೊಟ್ಟು. ಅದನ್ನು ನೋಡಿ ನನಗೆ ಯಾಕೋ ಜೀವ ಬಂದ ಹಾಗಾಯಿತು. ಅವನ ಮುಖ ಮಾತ್ರ ಬಿಳುಚಿಕೊಂಡಿತು.

ಅಷ್ಟರಲ್ಲಿ ಕಾಂಪೌಂಡ್ ಗೋಡೆ ಮೇಲೆ ಒಂದು ಕಾಗೆ "ಕಾ" ಅಂತು.

ಅವನು ಬೆಚ್ಚಿ ಎದ್ದು, ಚಪ್ಪಲಿ ಬಿಟ್ಟು, ಆ ಕಡೆ ತಿರುಗಿ ಕೈ ಮುಗಿದ. "ಅಣ್ಣಾ, ಒಂದೇ ತೊಟ್ಟು. ಸ್ವಲ್ಪ ಅಡ್ಜಸ್ಟ್ ಮಾಡ್ಕೋ."