ಎಣಿಸಲು ಬಾರದ ಹೆಡ್‌ಮಾಸ್ತರರು

ನಮ್ಮ ಕಾಕಾನಿಗೆ ಎಣಿಸಲು ಬರುತ್ತಿರಲಿಲ್ಲ! ಮಾಳಮಡ್ಡಿಯ ಒಂದು ಹೈಸ್ಕೂಲಿಗೆ ಹೆಡ್‌ಮಾಸ್ತರರಾಗಿದ್ದವರು, ಅದರಲ್ಲೂ ಗಣಿತ ಕಲಿಸುತ್ತಿದ್ದವರು, ಬೀಜಗಣಿತದ ಲೆಕ್ಕವನ್ನು ಊಟ ಮಾಡುತ್ತ ಬಿಡಿಸುತ್ತಿದ್ದವರು. ಹಾಗಿದ್ದೂ ಎದುರಿಗೆ ಕುಳಿತ ಹುಡುಗರ ತಲೆ ಎಣಿಸಲು ನಿಂತರೆ ಅವರಿಗೆ ಏನಾಗುತ್ತಿತ್ತೋ ದೇವರೇ ಬಲ್ಲ. ಹತ್ತು ತಲೆ ಕಂಡರೆ ಇಪ್ಪತ್ತು ಎನ್ನುತ್ತಿದ್ದರು. ಯಾರಾದರೂ ತಿದ್ದಲು ಹೋದರೆ ಅವರ ಮೇಲೇ ಏರಿ ಹೋಗುತ್ತಿದ್ದರು.

"ಇವತ್ತ ಜ್ವರ ಬಂದ ಮಲಗಿದಾವ್ರು ನಮ್ಮ ಹುಡುಗ್ರಲ್ಲೇನು? ಬರೋ ವರ್ಷ ಬರಾವ್ರು ನಮ್ಮವ್ರಲ್ಲೇನು? ಅವ್ರನ್ನ ಯಾರ ಎಣಸಬೇಕು, ನಿಮ್ಮಪ್ಪ?"

ಇಂಥ ಗಣಿತಕ್ಕೆ ಯಾರು ಉತ್ತರ ಕೊಡಬೇಕು ಹೇಳಿ? ನಾನು ಅವರ ಅಣ್ಣನ ಮಗಳು, ಮೇಲಾಗಿ ಅದೇ ಶಾಲೆಯ ವಿದ್ಯಾರ್ಥಿನಿ. ಆದ್ದರಿಂದ ಅವರ ಬಗ್ಗೆ ಆಡಿಕೊಳ್ಳಲು ನನಗೆ ಎರಡು ಕಡೆಯಿಂದಲೂ ಹಕ್ಕಿದೆ.

ಅದು ಬ್ರಿಟಿಷರ ಕಾಲ. ನಮ್ಮ ಧಾರವಾಡ ಮುಂಬಯಿ ಇಲಾಖೆಗೆ ಸೇರಿತ್ತು. ಇಂಗ್ಲಿಷ್ ಒಂದನೇ ಇಯತ್ತೆಯಿಂದ ಏಳನೇ ಇಯತ್ತೆಯವರೆಗೆ ಓದಿದರೆ ಮ್ಯಾಟ್ರಿಕ್. ಕಾಕಾನ ಶಾಲೆ ರೈಲ್ವೆ ಗೇಟಿನ ಈಚೆಗೆ, ಹಳೆಯ ಹೆಂಚಿನ ಕಟ್ಟಡದಲ್ಲಿತ್ತು. ಗೇಟಿನ ಆಚೆಗೆ ಹೊಸದಾಗಿ ಇನ್ನೊಂದು ಹೈಸ್ಕೂಲು ಎದ್ದಿತು. ಅದು ಕಲ್ಲಿನ ಕಟ್ಟಡ, ಮುಂದೆ ಆಟದ ಬಯಲು. ಅದರ ಹೆಡ್‌ಮಾಸ್ತರರು ಹರೆಯದವರು, ಟೈ ಕಟ್ಟುತ್ತಿದ್ದರು. ಅವರ ಹೆಸರನ್ನು ಕಾಕಾ ಬಾಯಲ್ಲಿ ಎತ್ತುತ್ತಲೇ ಇರಲಿಲ್ಲ. 'ಟೈ ಬಂದಿತ್ತು', 'ಟೈ ಹೋತು', ಅಷ್ಟೇ. ನಮ್ಮ ಕಡೆಯ ಕೆಲವು ಮನೆಯವರು ಹುಬ್ಬಳ್ಳಿಗೆ ಹೋಗಿ ನೆಲೆಸಿದರು, ಉಳಿದವರ ಗಂಡುಮಕ್ಕಳು ಒಬ್ಬೊಬ್ಬರಾಗಿ ಗೇಟು ದಾಟಿ ಟೈ ಕಡೆಗೆ ನಡೆದರು. ನಮ್ಮ ಶಾಲೆ ಜಾತ್ರೆ ಮುಗಿದ ಬಯಲಿನ ಹಾಗೆ ಕಾಣತೊಡಗಿತು.

ಆಗ ಎಚ್ಚರವಾಯಿತು ನೋಡಿ ಎರಡೂ ಶಾಲೆ ನಡೆಸುತ್ತಿದ್ದ ಸ್ಕೂಲ್ ಬೋರ್ಡಿನ ಮಹಾಶಯರಿಗೆ! ಶಾಲೆಗೆ ಹೊಸ ಹೆಂಚು ಕೇಳಿದಾಗ ಗೊರಕೆ ಹೊಡೆಯುತ್ತಿದ್ದವರು, ಮುಚ್ಚುವ ಮಾತು ಬಂದೊಡನೆ ಎದ್ದು ಕುಳಿತರು. ಮೊದಲ ಮೂರು ಇಯತ್ತೆ ಈಚೆಗೇ ಇರಲಿ, ನಾಲ್ಕರಿಂದ ಮ್ಯಾಟ್ರಿಕ್‌ವರೆಗೆ ಎಲ್ಲರೂ ಆಚೆಯ ಶಾಲೆಗೆ ಹೋಗಲಿ ಎಂದು ಯೋಜನೆ ಹಾಕಿದರು. ಕಾಗದದ ಮೇಲೆ ಬಹಳ ಚೆಂದ ಕಾಣುತ್ತಿತ್ತು. ಮೇಲಿನ ಇಯತ್ತೆಯಲ್ಲಿ, ಒಂದೇ ವರ್ಗದಲ್ಲಿ, ಆರು ಜನ ಹುಡುಗಿಯರಿದ್ದೇವೆ ಎಂಬುದು ಮಾತ್ರ ಆ ಜಾಣರಿಗೆ ಕಾಣಲಿಲ್ಲ. ನಮ್ಮ ಓಣಿಗಳಲ್ಲಿ ದೊಡ್ಡ ಹುಡುಗಿಯರನ್ನು ಗೇಟು ದಾಟಿಸಿ ಕಳುಹಿಸುವ ರೂಢಿಯೇ ಇರಲಿಲ್ಲ. ಈಚೆಗೆ ಎಲ್ಲವೂ ಗುರುತಿನ ಕಟ್ಟೆ, ಗುರುತಿನ ಮುಖ. ಆಚೆಗೆ ಟಾಂಗಾದವರ ಅಡ್ಡೆ, ಗೊತ್ತಿಲ್ಲದ ಜನ.

ನನ್ನ ಗೆಳತಿ ಮೆಹಬೂಬಿಯ ತಂದೆ ಗಡಿಯಾರ ರಿಪೇರಿ ಮಾಡುವ ಸಾಹೇಬರು. ಅವರು ಮೊದಲೇ ಸ್ಪಷ್ಟ ಹೇಳಿಬಿಟ್ಟಿದ್ದರು: "ಈಚಿ ಇರೂತನಕ ಮಗಳು ಮಾಸ್ತರ್ರ ಕಣ್ಣಾಗ ಇರ್ತಾಳರಿ. ಆಚಿ ಹೋದ ಮ್ಯಾಲೆ ಯಾರ ಕಣ್ಣಾಗ?"

ಹತ್ತಿ ವ್ಯಾಪಾರಿಯ ಮಗಳು ನೀಲವ್ವನ ಮನೆಯಲ್ಲೂ ಇದೇ ಮಾತು. ಬೇರೆಯವರ ಮಾತೇಕೆ, ನಮ್ಮಪ್ಪನದೂ ಇದೇ ಮಾತು! ಶಾಲೆ ಆಚೆ ಹೋದರೆ ನಮ್ಮ ಓದು ಅಲ್ಲಿಗೇ ಮುಗಿಯುತ್ತಿತ್ತು.

ಅದನ್ನು ಉಳಿಸಲು ಕಾಕಾ ಹೂಡಿದ ಉಪಾಯಗಳನ್ನು ಕೇಳಿದರೆ ನೀವು ಶಾಲೆಯ ಜೊತೆಗೆ ಅವರನ್ನೂ ಮುಚ್ಚಬೇಕಿತ್ತು ಎನ್ನುತ್ತೀರಿ.

ಮೊದಲನೆಯದಾಗಿ ಬೆಂಚಿಗೆ ಒಬ್ಬರಂತೆ ಕೂರಿಸಿದರು. ಹಿಂದಿನ ಬೆಂಚಿನವನಿಗೆ ಮಾಸ್ತರರು ಕಾಣರು, ಮಾಸ್ತರರಿಗೆ ಅವನು ಕಾಣ. ಪಾಪ, ಇತಿಹಾಸದ ಮಾಸ್ತರರು ಕೂಗಿ ಕೂಗಿ ದನಿ ಕಳೆದುಕೊಂಡರು. ಕೇಳಿದರೆ ಕಾಕಾ, "ಹುಡುಗ್ರು ಕಡಿಮಿ ಆಗಿಲ್ರಿ, ಬೆಂಚ್ ಜಾಸ್ತಿ ಆಗ್ಯಾವ!" ಎಂದರು.

ಎರಡನೆಯ ಉಪಾಯ ಇನ್ನೂ ಘನವಾದದ್ದು. ಬೇರೆ ಶಾಲೆಗಳಲ್ಲಿ ಪಾಸಾದವರಿಗೆ ಶಾಬಾಸ್ ಎನ್ನುತ್ತಾರೆ. ನಮ್ಮಲ್ಲಿ ನಪಾಸಾದವರಿಗೆ! ಪಾಸಾದವನು ಶಾಲೆ ಬಿಟ್ಟು ಹೋಗುತ್ತಾನೆ, ನಪಾಸಾದವನು ನಿಷ್ಠೆಯಿಂದ ಮರಳಿ ಬರುತ್ತಾನೆ. ಹೆಬ್ಬಳ್ಳಿಯಿಂದ ಬರುತ್ತಿದ್ದ ಒಬ್ಬ ಮಹಾಪುರುಷ ಮ್ಯಾಟ್ರಿಕ್ಕಿನಲ್ಲಿ ಅದೆಷ್ಟು ವರ್ಷ ಕುಳಿತನೋ! ಮೀಸೆ ಬಂತು, ಮದುವೆಯಾಯಿತು, ತೊಟ್ಟಿಲೂ ಕಟ್ಟಿದರು. ಫಲಿತಾಂಶ ಬಂದಾಗಲೆಲ್ಲ ಕಾಕಾ ಅವನ ಬೆನ್ನು ತಟ್ಟಿ, "ಗಡಿಬಿಡಿ ಯಾಕ? ಸಾವಕಾಶ ಆಗಲಿ" ಎನ್ನುತ್ತಿದ್ದರು. ಕೊನೆಗೆ ಒಂದು ವರ್ಷ ಅವನು ಕೈತಪ್ಪಿ ಪಾಸಾಗಿಬಿಟ್ಟ. ಪೇಡೆ ತೆಗೆದುಕೊಂಡು ಮನೆಗೆ ಬಂದರೆ ಕಾಕಾ ಬಾಯಿಗೆ ಹಾಕಿಕೊಳ್ಳಲಿಲ್ಲ.

ಇನ್ನು ತೊಟ್ಟಿಲ ಕಾರ್ಯಗಳು. ಯಾರ ಮನೆಯಲ್ಲಿ ಕೂಸಿಗೆ ಹೆಸರಿಟ್ಟರೂ ಕಾಕಾ ಹಾಜರು. ಕೂಸಿನ ಮುಖವನ್ನೇ ಗಂಭೀರವಾಗಿ ನೋಡಿ, "ಇದು ಗಣಿತದ ತಲಿ ಐತಿ. ಬ್ಯಾರೆ ಕಡೆ ಹಾಕಬ್ಯಾಡ್ರಿ" ಎನ್ನುತ್ತಿದ್ದರು. ಕೂಸು ಅಳುತ್ತಿತ್ತು. ಅಳದೆ ಏನು ಮಾಡೀತು?

ಒಂದು ಸಂಜೆ ಮೂಗಿನ ತುದಿಯ ಸಿಟ್ಟಿನಲ್ಲಿ ಭೀಷ್ಮನನ್ನು ಮೀರಿಸುವ ಪ್ರತಿಜ್ಞೆಯನ್ನೂ ಮಾಡಿಬಿಟ್ಟರು. "ಇನ್ನ ಮ್ಯಾಲೆ ಆ ಗೇಟಿನಾಚಿ ಕಾಲಿಡೂದಿಲ್ಲ! ನನ್ನ ಹೆಣಾನೂ ಗೇಟ್ ದಾಟೂದಿಲ್ಲ!"

ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಕಾನ ಹೆಂಡತಿ, ನಮ್ಮ ಕಾಕು, ತಲೆ ಎತ್ತದೆ ಹೇಳಿದಳು: "ಚಿಂತಿ ಇಲ್ಲ ಬಿಡ್ರಿ, ಸುಡುಗಾಡು ಈಚೀನ ಐತಿ."

ಪ್ರತಿಜ್ಞೆಯಲ್ಲಿ ಒಂದು ತೊಡಕಿತ್ತು. ಕಾಕಾನ ಖಾಯಂ ಕ್ಷೌರಿಕ ಇದ್ದದ್ದು ಗೇಟಿನ ಆಚೆಗೆ! ಅವನನ್ನು ಬಿಟ್ಟು ಬೇರೆಯವರ ಕೈಗೆ ತಲೆ ಕೊಡಲು ಕಾಕಾ ಒಪ್ಪಲಿಲ್ಲ, ಈಚೆಗೆ ಬರಲು ಅವನು ಒಪ್ಪಲಿಲ್ಲ. ಕೂದಲು ಕಿವಿ ಮುಚ್ಚಿತು, ಕೊರಳಿಗೆ ಇಳಿಯಿತು, ರುಮಾಲು ತಲೆಯ ಮೇಲೆ ನಿಲ್ಲದಾಯಿತು. ಕಾಕು ನೋಡುವಷ್ಟು ನೋಡಿ, "ಸಾಲಿ ಉಳೀತದೋ ಇಲ್ಲೋ, ಕೂದಲಂತೂ ಉಳದಾವ" ಎಂದಳು.

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಸಾಹೇಬರ ತಪಾಸಣೆ ಬಂತು. ಅವರ ವರದಿಯ ಮೇಲೆ ಎಲ್ಲವೂ ನಿಂತಿತ್ತು. ಕಾಕಾ ಏನು ಮಾಡಿರಬಹುದು ಹೇಳಿ? ಹಳೆಯ ವಿದ್ಯಾರ್ಥಿಗಳಿಗೆಲ್ಲ ಹೇಳಿ ಕಳಿಸಿ ಬೆಂಚು ತುಂಬಿಸಿದರು! ಕೋರ್ಟಿನ ಕಾರಕೂನರು, ಹುಬ್ಬಳ್ಳಿಯ ಕಾಳಿನ ಅಡತಿ ವ್ಯಾಪಾರಿಗಳು, ಒಬ್ಬ ಟಾಂಗಾದ ಮಾಲೀಕ, ನಮ್ಮ ಹೆಬ್ಬಳ್ಳಿಯ ಮಹಾಪುರುಷ, ಎಲ್ಲರೂ ಗುರುಗಳ ಮಾತು ಮೀರಲಾರದೆ ಐದನೇ ಇಯತ್ತೆಯಲ್ಲಿ ಮಂಡಿ ಮಡಚಿ ಕುಳಿತರು. ಸಾಹೇಬರು ಮಹಾಪುರುಷನ ಮೀಸೆಯನ್ನು ಬಹಳ ಹೊತ್ತು ನೋಡಿದರು.

"ನಿನ್ನ ವಯಸ್ಸೆಷ್ಟೋ?"

ಅವನು ಎದ್ದು ನಿಂತು ಕೈಕಟ್ಟಿ, "ಹೆಡ್‌ಮಾಸ್ತರ್ರು ಹೇಳಿದಷ್ಟರಿ" ಎಂದ.

ಸಾಹೇಬರು ನಗಲಿಲ್ಲ. ಮಕ್ಕಳು ಯಾರು, ಮಕ್ಕಳ ತಂದೆಯರು ಯಾರು ಎಂದು ತಾವೇ ಬೇರ್ಪಡಿಸಿ ಎಣಿಸಿಕೊಂಡರು. ಕಾಕಾ ಬಗ್ಗುವ ಆಸಾಮಿಯೇ? ಈ ಶಾಲೆಯನ್ನು ಆಚೆ ಒಯ್ದರೆ ಮಕ್ಕಳು ದಿನಾ ಗೇಟಿನಲ್ಲೇ ಸಿಕ್ಕಿಬೀಳುತ್ತಾರೆ, ಕಣ್ಣಾರೆ ತೋರಿಸುತ್ತೇನೆ ಎಂದು ಅವರನ್ನು ಗೇಟಿಗೆ ಕರೆದೊಯ್ದರು. ನಮ್ಮನ್ನೂ ಪ್ರದರ್ಶನಕ್ಕೆಂದು ಹಿಂದೆ ಸಾಲಾಗಿ ನಿಲ್ಲಿಸಿದರು. "ಈಗ ಬರತೈತಿ ನೋಡ್ರಿ ಗಾಡಿ. ಈ ಹೊತ್ತಿಗೆ ಎಂದೂ ತಪ್ಪಿಲ್ಲ."

ಗಾಡಿ ತಪ್ಪಿತು. ಗೇಟು ಬಾಯಿ ತೆರೆದುಕೊಂಡು ಬಿದ್ದಿತ್ತು. ಆಡು ದಾಟಿದವು, ಟಾಂಗಾ ದಾಟಿದವು, ಒಂದು ಎಮ್ಮೆ ಹಳಿಯ ನಡುವೆ ನಿಂತು ಯೋಚನೆ ಮಾಡಿ ಅದೂ ದಾಟಿತು. ಸಾಹೇಬರ ಕೋಟು ಬೆವರಿನಿಂದ ಒದ್ದೆಯಾಯಿತು. ಕೊನೆಗೆ ಅವರು ಮೆಲ್ಲಗೆ, "ಹೆಡ್‌ಮಾಸ್ತರ್ರ, ನಾವು ನಿಂತ ಹೊತ್ತಿನ್ಯಾಗ ನಿಮ್ಮ ಇಡೀ ಸಾಲಿ ಆಚಿ ಹೋಗಿ ಊಟ ಮಾಡಿ ಬರತಿತ್ತು" ಎಂದು ಹೇಳಿ, ಗೇಟು ದಾಟಿ, ಟಾಂಗಾ ಹತ್ತಿ ಹೊರಟೇಬಿಟ್ಟರು.

ಅವರ ಟಾಂಗಾ ತಿರುವಿನಲ್ಲಿ ಮರೆಯಾಗುವುದಕ್ಕೂ ಗೇಟು ಬೀಳುವುದಕ್ಕೂ ಸರಿಹೋಯಿತು. ಗಾಡಿ ಬಂತು! ಕಾಕಾ ಈಚೆಗೆ ನಿಂತು ಕುಣಿಯುತ್ತ, "ನೋಡ್ರಿ! ಸಾಹೇಬ್ರ, ನೋಡ್ರಿ!" ಎಂದು ಕಿರುಚಿದರು. ಇಂಜಿನ್ನಿನ ಸಿಳ್ಳೆಯಲ್ಲಿ ಅದು ನಮಗೇ ಸರಿಯಾಗಿ ಕೇಳಿಸಲಿಲ್ಲ.

ಹುಕುಂ ಬಂತು. ಬೇಸಿಗೆ ರಜೆ ಮುಗಿದ ಮೇಲೆ ಮೇಲಿನ ಇಯತ್ತೆಗಳೆಲ್ಲ ಆಚೆಗೆ. ಈಚೆಗೆ ಉಳಿಯುವ ಸಣ್ಣ ಶಾಲೆಗೆ ಕಾಕಾನೇ ಹೆಡ್‌ಮಾಸ್ತರರಾಗಿ ಮುಂದುವರಿಯಬಹುದು. ಅಪ್ಪ ನನ್ನನ್ನು ಕರೆದು, "ಕಲತದ್ದು ಸಾಕವ್ವ" ಎಂದರು. ನಾನು ಹಿತ್ತಲಿಗೆ ಹೋಗಿ ಅತ್ತೆ. ಕಾಕಾ ಯಾರನ್ನೂ ಬಯ್ಯಲಿಲ್ಲ. ಅವರು ಬಯ್ಯದೆ ಇರುವುದನ್ನು ನಾನು ಕಂಡದ್ದು ಅದೇ ಮೊದಲು. ಇನ್ನೇನು, ಖುರ್ಚಿ ಉಳಿಯಿತಲ್ಲ, ಅಷ್ಟಕ್ಕೇ ತಣ್ಣಗಾದರು ಎಂದುಕೊಂಡೆವು.

ಮುಂದಿನ ರವಿವಾರ ಕಾಕಾ ಹೊರಗಿನಿಂದ ಬಂದು ರುಮಾಲು ತೆಗೆದರು. ಕಾಕು ಕೈಯಲ್ಲಿದ್ದ ನೀರಿನ ಚರಿಗೆಯನ್ನು ಹಾಗೇ ಹಿಡಿದು ನಿಂತಳು. ತಲೆ ನುಣ್ಣಗಾಗಿತ್ತು!

"ಆಚಿ ಹೋಗಿದ್ರೇನ?"

"ಹೂಂ. ಟೈ ಮನಿಗೆ ಹೋಗಿದ್ದೆ." ರುಮಾಲನ್ನು ಗೂಟಕ್ಕೆ ಹಾಕಿ, "ಛಲೋ ಮನಿಷ್ಯಾ ಅದಾನ. ಹುಡಿಗ್ಯಾರಿಗೆ ಮುಂದಿನ ಬೆಂಚ್ ಕೊಡತೇನಿ ಅಂದ. ನಾ ಅಲ್ಲಿ ಗಣಿತ ಕಲಸಾಕ ಒಪ್ಪೇನಿ" ಎಂದರು.

"ಅವರ ಕೈಕೆಳಗ? ಇಲ್ಲಿ ಖುರ್ಚಿ ಬಿಟ್ಟು?"

"ಖುರ್ಚಿ ಎಲ್ಲಿ ಓಡಿ ಹೋಗತೈತಿ? ಯಾರರೆ ಕೂಡತಾರ. ಹುಡಿಗ್ಯಾರು ಗೇಟ್ ದಾಟಬೇಕಲ್ಲ."

ಕಾಕು ಸ್ನಾನಕ್ಕೆ ನೀರು ಕಾಸಲು ಹೋದಳು. ಅಂದೇ ಸಂಜೆ ಕಾಕಾ ಆರೂ ಮನೆಗಳಿಗೆ ಹೋದರು. ಗಡಿಯಾರದ ಸಾಹೇಬರು ಹಳೆಯ ಪ್ರಶ್ನೆಯನ್ನೇ ಕೇಳಿದರಂತೆ. ಕಾಕಾ, "ನನ್ನ ಕಣ್ಣಾಗರಿ. ಹೋಗೂಮುಂದ ನಾನ, ಬರೂಮುಂದ ನಾನ" ಎಂದರಂತೆ. ನಮ್ಮಪ್ಪನಂತೂ ತಮ್ಮನ ಮಾತಿಗೆ ಅಲ್ಲೇ ಒಪ್ಪಿಬಿಟ್ಟರು.

ಹಾಗೆ ಜೂನ್ ತಿಂಗಳಿನಿಂದ ನಮ್ಮ ಮೆರವಣಿಗೆ ಶುರುವಾಯಿತು. ಮುಂದೆ ಕೊಡೆ ಹಿಡಿದ ಕಾಕಾ, ಹಿಂದೆ ನಾವು. ಗೇಟಿನ ಈಚೆಗೆ ನಿಲ್ಲಿಸಿ ಕೊಡೆಯ ಹಿಡಿಕೆಯಿಂದ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸುತ್ತಿದ್ದರು. ಹಳಿ ದಾಟಿದ ಮೇಲೆ ಆಚೆಗೆ ನಿಲ್ಲಿಸಿ ಇನ್ನೊಮ್ಮೆ ಎಣಿಸುತ್ತಿದ್ದರು. ಟಾಂಗಾದವರು ನಗುತ್ತಿದ್ದರು. ನಮಗೆ ನಾಚಿಕೆಯಿಂದ ಸಾಯುವಂತಾಗುತ್ತಿತ್ತು. ಇಷ್ಟು ವರ್ಷ ಬಾರದ ಎಣಿಕೆ ಇವರಿಗೆ ಇಲ್ಲೇ ಬರಬೇಕೆ!

ಶ್ರಾವಣದಲ್ಲಿ ಒಂದು ದಿನ ನೀಲವ್ವ ಬರಲಿಲ್ಲ. ಯಾರೋ ನಂಟರು ಆಡಿಕೊಂಡರೆಂದು ಅವಳ ತಂದೆ ಮನೆಯಲ್ಲೇ ಇರಿಸಿಕೊಂಡಿದ್ದರು. ಕಾಕಾ ಈಚೆಗೆ ಎಣಿಸಿದರು, ಐದು. ಆಚೆಗೆ ಎಣಿಸಿದರು, ಐದು. ಹತ್ತಕ್ಕೆ ಇಪ್ಪತ್ತು ಎನ್ನುತ್ತಿದ್ದ ಮನುಷ್ಯ ಐದನ್ನು ಆರು ಮಾಡಲಿಲ್ಲ. ನಮ್ಮನ್ನು ಶಾಲೆಯ ಬಾಗಿಲಲ್ಲಿ ಬಿಟ್ಟು, ಧೋತರದ ಚುಂಗು ಎತ್ತಿ ಹಿಡಿದು, ಆ ವಯಸ್ಸಿನಲ್ಲಿ ಓಡುತ್ತ ಗೇಟಿನ ಕಡೆಗೆ ಮರಳಿ ಹೋದರು.

ಅವರ ಗಣಿತದ ತಾಸು ಹಾಗೇ ಖಾಲಿ ಹೋಯಿತು. ಟೈ ಕಟ್ಟಿದ ಹೆಡ್‌ಮಾಸ್ತರರು ಗಡಿಯಾರ ನೋಡುತ್ತ ನಮ್ಮ ವರ್ಗದ ಬಾಗಿಲಲ್ಲಿ ನಿಂತಿದ್ದರು. ತಾಸು ಮುಗಿಯುವ ಹೊತ್ತಿಗೆ ಕಾಕಾ ಬಂದರು, ಮಳೆಯಲ್ಲಿ ಪೂರ್ತಿ ತೊಯ್ದಿದ್ದರು. ಕೊಡೆ ನೀಲವ್ವನ ಕೈಯಲ್ಲಿತ್ತು. ಅವಳ ಕಣ್ಣು ಕೆಂಪಾಗಿದ್ದವು, ಪಾಟಿಚೀಲ ಎದೆಗೆ ಅವಚಿಕೊಂಡಿದ್ದಳು.

"ತಡಾ ಆತಲ್ರಿ ಮಾಸ್ತರ್ರ" ಎಂದರು ಹೆಡ್‌ಮಾಸ್ತರರು.

ಕಾಕಾ ಏದುಸಿರು ಬಿಡುತ್ತ, ಹುಡುಗನ ಹಾಗೆ ತಲೆ ತಗ್ಗಿಸಿ, "ಗೇಟ್ ಹಾಕಿತ್ತರಿ" ಎಂದರು.

ಕಿಟಕಿಯಿಂದ ಗೇಟು ನೇರವಾಗಿ ಕಾಣುತ್ತಿತ್ತು. ಬೆಳಗಿನಿಂದ ತೆರೆದೇ ಇತ್ತು. ಹೆಡ್‌ಮಾಸ್ತರರು ಅದನ್ನು ನೋಡಿದರು, ಕಾಕಾನನ್ನು ನೋಡಿದರು, ಸರಿದು ದಾರಿ ಬಿಟ್ಟರು. ನನಗೆ ಅಳು ಬಂತು. ಇವರು ನನ್ನ ಕಾಕಾ ಎಂದು ಎಲ್ಲರಿಗೂ ಕೂಗಿ ಹೇಳಬೇಕೆನ್ನಿಸಿತು. ಅವರು ನೀಲವ್ವನನ್ನು ನಮ್ಮ ಬೆಂಚಿನ ತುದಿಗೆ ಕೂರಿಸಿದರು. ಆಮೇಲೆ ಹಸಿ ಕೈಯಿಂದ ಒಬ್ಬೊಬ್ಬರ ತಲೆ ಮುಟ್ಟುತ್ತ ಮೆಲ್ಲಗೆ ಎಣಿಸಿದರು, ಆರು.