ಮಾಮಾ ಇನ್ನೂ ಉತ್ತರ ಕೊಟ್ಟಿಲ್ಲ

ನಮ್ಮ ಸೋದರಮಾವ ಯಾರ ಪ್ರಶ್ನೆಗೂ ಉತ್ತರ ಕೊಡದೆ ಬಿಡುವವರಲ್ಲ. ಆದರೆ ಕೇಳಿದ ದಿನವೇ ಕೊಡಬೇಕೆಂದು ಎಲ್ಲಿ ಬರೆದಿದೆ? ಒಮ್ಮೆ ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ, ಚಹಾ ಕುಡಿಯುತ್ತೀರಾ ಮಾಮಾ ಎಂದು ಕೇಳಿದೆ. ಅವರು ಬಸ್ಸಿನ ಬೋರ್ಡು ಓದುತ್ತ ನಿಂತರು. ಮರುದಿನ ಯಲಬುರ್ಗಾದಲ್ಲಿ ಸಾವಾದ ಮನೆಯೊಂದಕ್ಕೆ ಮಾತಾಡಿಸಲು ಹೋಗಿದ್ದೆವು. ಎಲ್ಲರೂ ತಲೆ ತಗ್ಗಿಸಿ ಕೂತಿರುವಾಗ ಮಾಮಾ ಗಂಭೀರವಾಗಿ, "ಕುಡಿಯೂಣಂತ. ಸಕ್ರಿ ಕಡಿಮಿ ಇರ್ಲಿ" ಅಂದರು! ಆ ಮನೆಯ ಹಿರಿಯರು ನನ್ನ ಮುಖ ನೋಡಿದ್ದನ್ನು ಇನ್ನೂ ಮರೆತಿಲ್ಲ.

ನನ್ನ ಒಂದು ಪ್ರಶ್ನೆ ಮಾತ್ರ ಅವರ ಬಳಿ ವರ್ಷಗಟ್ಟಲೆ ಉಳಿದಿತ್ತು. ಅವ್ವ ಕೊಪ್ಪಳದ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ನಾನು ಗಂಗಾವತಿಯಲ್ಲಿ ಡಿಗ್ರಿಯ ಕೊನೆಯ ಪರೀಕ್ಷೆ ಬರೆಯುತ್ತಿದ್ದೆ. ಅವಳ ಪಕ್ಕದಲ್ಲಿದ್ದವರು ಮಾಮಾ ಒಬ್ಬರೇ. ಸಾಯುವ ಮುನ್ನ ಅವ್ವ ನನ್ನನ್ನು ಕೇಳಿದಳೇ ಎಂದು ಅವರನ್ನು ಕೇಳಿದೆ. ಉತ್ತರವಿಲ್ಲ. ಇನ್ನೊಮ್ಮೆ ಕೇಳಲು ಧೈರ್ಯವಾಗಲಿಲ್ಲ. ಇಲ್ಲ ಅಂದುಬಿಟ್ಟರೆ?

ಇಂಥವರು ಗಂಗಾವತಿಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟರು. ಮದುವೆ ಮಾಡುವವರಿಗಾಗಿ ಒಂದು ವೆಬ್‌ಸೈಟ್ ಮಾಡಿ, ಬಂದ ಪ್ರಶ್ನೆಗಳಿಗೆ ಉತ್ತರ ತಂದುಕೊಡುವ ಸರ್ವರ್ ಪ್ರೋಗ್ರಾಮನ್ನೂ ತಾವೇ ಬರೆದರು. ಕಲ್ಯಾಣ ಮಂಟಪ, ಅಡುಗೆಯವರು, ಮದುಮಗನ ಮೆರವಣಿಗೆಗೆ ಕುದುರೆ, ಏನು ಬೇಕಾದರೂ ಕೇಳಬಹುದು. ಮೊದಲು ಬರೆದ ಸರ್ವರ್ ಒಬ್ಬರಿಗೆ ಉತ್ತರ ಕೊಡುವ ತನಕ ಉಳಿದವರನ್ನೆಲ್ಲ ಸಾಲಿನಲ್ಲಿ ನಿಲ್ಲಿಸುತ್ತಿತ್ತು. ಮಂಟಪದ ಮಾಲೀಕರೊಬ್ಬರು ಖಾಲಿ ಇದೆಯೋ ಇಲ್ಲವೋ ತಿಳಿಸದೆ ಊಟಕ್ಕೆ ಹೋದರೆಂದರೆ ಇಡೀ ಜಿಲ್ಲೆಯ ಮದುವೆಗಳು ನಿಂತವು! ಮಾಮಾಗೆ ರೇಗಿತು. "ಒಬ್ಬರ ಸಲುವಾಗಿ ಮಂದಿನೆಲ್ಲ ಯಾಕ ನಿಂದರಸಬೇಕು?" ಎಂದು ಎಲ್ಲ ಕಿತ್ತು ಹೊಸದಾಗಿ ಬರೆದರು. ಪ್ರಶ್ನೆ ತೆಗೆದುಕೊಂಡು ಒಳಗೆ ಕಳಿಸುವುದು, ಕಾಯದೆ ಮುಂದಿನವರನ್ನು ಮಾತಾಡಿಸುವುದು, ಯಾರ ಉತ್ತರ ಮೊದಲು ಬಂತೋ ಅವರಿಗೆ ಮೊದಲು ಕೊಡುವುದು. ಅಂದರೆ ತಮ್ಮ ಸ್ವಭಾವವನ್ನೇ ಕಂಪ್ಯೂಟರಿಗೆ ಇಳಿಸಿದ್ದರು.

ಆದರೆ ಯಾವ ಉತ್ತರ ಯಾರದ್ದು ಎಂದು ಗುರುತಿಡುವುದನ್ನು ಮರೆತಿದ್ದರು. ಕುಕನೂರಿನ ಸಾಹೇಬರೊಬ್ಬರು ಮಗನ ಮೆರವಣಿಗೆಗೆ ಕುದುರೆ ಸಿಗುತ್ತದೆಯೇ ಎಂದು ಕೇಳಿದರೆ, ಎಂಟುನೂರು ಮಂದಿ ಕೂರಬಹುದು, ಜನರೇಟರ್ ಇದೆ ಎಂದು ಉತ್ತರ ಹೋಯಿತು. ತಮಗೆ ಅಷ್ಟು ದೊಡ್ಡ ಕುದುರೆ ಬೇಡ, ಕೂರುವವನು ಮದುಮಗ ಒಬ್ಬನೇ ಎಂದು ಅವರು ಫೋನ್ ಮಾಡಿ ವಿನಯದಿಂದ ತಿಳಿಸಿದರು. ಅಂದಿನಿಂದ ಪ್ರತಿ ಪ್ರಶ್ನೆಗೂ ಒಂದು ನಂಬರು ಬಂತು.

ಮೊನ್ನೆ ಸೆಂಟರಿಗೆ ಹೋಗಿದ್ದೆ. ಪರದೆಯ ಮೇಲೆ ಒಂದು ನಂಬರಿನ ಮುಂದೆ ಉತ್ತರದ ಜಾಗ ಖಾಲಿ ಇತ್ತು. ಇದಕ್ಕಿನ್ನೂ ಉತ್ತರ ಬಂದಿಲ್ಲವೇ ಎಂದು ಸುಮ್ಮನೆ ಕೇಳಿದೆ. ಮಾಮಾ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

"ನಿಮ್ಮವ್ವ ನಿನ್ನ ಕೇಳಿದ್ಲವಾ. ಎರಡ ಸಲ ಕೇಳಿದ್ಲು. ಪರೀಕ್ಷಿ ಮುಗೀಲಿ ಅಂತ ನಾನ ನಿನಗ ಹೇಳಿ ಕಳಸಲಿಲ್ಲ. ತಪ್ಪು ನಂದು."

ಅವ್ವ ನನ್ನನ್ನು ನೆನೆಯದೆ ಹೋದಳೇನೋ ಎಂಬ ಸಂಕಟ ಹೊತ್ತು ಇಷ್ಟು ವರ್ಷ ತಿರುಗಿದ್ದೆ. ಅದು ಹೋಯಿತು. ಅದರ ಜಾಗದಲ್ಲಿ, ಅವಳು ಕೇಳಿದಾಗ ನಾನಿರಲಿಲ್ಲ ಎಂಬ ಇನ್ನೊಂದು ಸಂಕಟ ಎದ್ದು, ಕಣ್ಣು ತುಂಬಿ ಬಂತು.

"ಸಿಟ್ಟು ಬಂತೇನವಾ?" ಎಂದು ಕೇಳಿದರು.

ಕಣ್ಣೊರೆಸಿಕೊಂಡೆ. ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಯಿತು. ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು ಕೆಮ್ಮಿದರು. ಮಾಮಾ ಏಳಲಿಲ್ಲ. ನನ್ನ ಮುಖ ನೋಡುತ್ತ, ಉತ್ತರಕ್ಕೆ ಕಾದು ಕೂತರು.